ಪರೀಕ್ಷೆ ಕೊಡದ ಗಂಡಸು

ರಾಯಚೂರು, ಇಸವಿ ೨೨೧೮, ಎರಡನೇ ಬೇಸಿಗೆ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಹಂಪಮ್ಮನ ನಮಸ್ಕಾರ. ಇಷ್ಟು ವರ್ಷಗಳಲ್ಲಿ ನುಡಿ ಬದಲಾಗಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಡುಹಗಲು ಓಣಿಯವರೆಲ್ಲ ತಣಿಮನೆಗೆ, ಅಂದರೆ ನೆಲದಡಿ ತೋಡಿದ ತಂಪು ಹಜಾರಕ್ಕೆ ಇಳಿಯುತ್ತೇವೆ. ಊಟ, ನಿದ್ದೆ, ಮಕ್ಕಳ ಪಾಠ, ತೊಟ್ಟಿಲ ಶಾಸ್ತ್ರ ಎಲ್ಲ ಅಲ್ಲೇ. ಅಂಥದೊಂದು ತೊಟ್ಟಿಲ ಮುಂದಿನಿಂದ ನನ್ನ ತಂಗಿ ಈರಮ್ಮನನ್ನು ಅವಳ ಅತ್ತೆ ಅಂಬಮ್ಮ ಎಬ್ಬಿಸಿದಳು. “ಬಂಜಿ ಕೈ ಕೂಸಿಗೆ ತಾಗಬಾರ್ದು, ಆಕಡಿ ಸರಿ.” ಬಂಜೆ ಎಂಬ ಆ ಪದ ನಿಮ್ಮದು. ಹೆಣ್ಣಿಗೆ ಅದನ್ನು ಕೊಟ್ಟ ನೀವು ಗಂಡಿಗೊಂದು ಜೋಡಿ ಪದ ಕಟ್ಟಲಿಲ್ಲ.

ಮದುವೆಯಾಗಿ ಏಳು ವರ್ಷ. ಈರಮ್ಮ ಉಪವಾಸವಿದ್ದಳು, ಕಂಡವರು ಕೊಟ್ಟ ಕಷಾಯ ಕುಡಿದಳು, ತಪಾಸಣೆಗೆಂದು ಹೊಟ್ಟೆ ಕೊಯ್ಯಿಸಿಕೊಂಡಳು. ಅವಳ ಗಂಡ ಗವಿಸಿದ್ದ ಗಾಜಿನ ಕುಲುಮೆಯ ಮುಂದೆ ದುಡಿಯುವವನು. ವೀರ್ಯ ಪರೀಕ್ಷೆ ಮಾಡಿಸೆಂದರೆ, “ನನಗೇನಾಗ್ಯದ?” ಎಂದು ಎದ್ದು ಹೋಗುತ್ತಿದ್ದ.

ಕಡೆಗೆ ಅಂಬಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡಿದಳು. ನಮ್ಮ ಕಾಲದ ಕಾನೂನಿನಂತೆ ಮೊದಲ ಹೆಂಡತಿಯ ಒಪ್ಪಿಗೆಯಿಲ್ಲದೆ ಆ ಮದುವೆ ನಡೆಯುವಂತಿರಲಿಲ್ಲ. ಅವನು ಪರೀಕ್ಷೆ ಕೊಡುವ ತನಕ ಒಪ್ಪುವುದಿಲ್ಲವೆಂದು ಈರಮ್ಮ ಪಟ್ಟು ಹಿಡಿದಳು. ಹಾಗಾಗಿ ಅವನು ಅವಳ ಜೊತೆ ಆಸ್ಪತ್ರೆಗೆ ಬಂದು ಪರೀಕ್ಷೆ ಕೊಟ್ಟ.

ಫಲಿತಾಂಶ ನೋಡಿದ ಅಲ್ಲಿನ ಡಾಕ್ಟರ್ ಸಫೂರಾ ಅವನನ್ನು ಗದರಲಿಲ್ಲ. “ವೃಷಣ ಮೈಯಿಂದ ಹೊರಗ ಯಾಕ ಅದ, ಗೊತ್ತೇನಪ್ಪ? ವೀರ್ಯಾಣು ಹುಟ್ಟಾಕ ಮೈಗಿಂತ ಒಂಚೂರು ತಂಪು ಬೇಕು. ತಯಾರಾಗಾಕ ಎರಡೂವರಿ ತಿಂಗಳು ಹಿಡಿತದ. ಆಮ್ಯಾಲ ಪಕ್ಕದ ಸುರುಳಿ ನಾಳದಾಗ ಬಲಿತು ಈಜೋ ಶಕ್ತಿ ಪಡಿತಾವ. ಹೊರಡೋದು ಕೋಟಿಗಟ್ಟಲೆ. ಗರ್ಭಕೋಶ ದಾಟಿ, ಹೆಣ್ಣಿನ ಅಂಡನಾಳದಾಗ ಅಂಡದ ಹತ್ತಿರ ಮುಟ್ಟೋದು ಕೆಲವು ನೂರು. ಒಳಗ ಹೋಗೋದು ಒಂದೇ. ನಿನ್ನಲ್ಲಿ ಹೊರಡೋವೇ ಬೆರಳೆಣಿಕಿ. ಕುಲುಮಿ ಬಿಸಿ ಸುಟ್ಟು ಹಾಕ್ಯದ. ಈಕಿ ಅಂಡ ತಿಂಗಳಿಗೊಮ್ಮೆ ಬಂದು, ಒಂದಿನ ಕಾದು ಹೋಗ್ಯದ. ಈಕಿದೇನೂ ತಪ್ಪಿಲ್ಲ.”

ಈರಮ್ಮ ಅಲ್ಲಿಂದ ನೇರ ನನ್ನ ಮನೆಗೆ ಬಂದಳು. ಗವಿಸಿದ್ದ ಕುಲುಮೆ ಬಿಟ್ಟು ಬೇರೆ ಕೆಲಸಕ್ಕೆ ಸೇರಿದ. ಕೆಲವು ತಿಂಗಳಲ್ಲಿ ವೀರ್ಯ ಸುಧಾರಿಸಿತು. ಅಂಬಮ್ಮ ಮಗನ ಸಮೇತ ಕರೆಯಲು ಬಂದಳು.

“ಆಗಿದ್ದು ಆತು. ಈಗ ಎಲ್ಲ ಸರಿ ಆಗ್ಯದ, ನಡಿಯವ್ವ.”

ಗವಿಸಿದ್ದ ಬಾಗಿಲಲ್ಲೇ ನಿಂತಿದ್ದ. ತಪ್ಪಾಯಿತೆಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ.

“ಅತ್ತಿ, ಅವನಿಗೆ ಹೊಸ ವೀರ್ಯಾಣು ಹುಟ್ಟತಾವ,” ಎಂದಳು ಈರಮ್ಮ. “ನನ್ನ ಏಳು ವರ್ಷ ಹುಟ್ಟಂಗಿಲ್ಲ.”

ಅವಳು ಹೋಗಲಿಲ್ಲ.

ಹಿರಿಯರೇ, ಡಾಕ್ಟರ್ ಹೇಳಿದ್ದು ನಮ್ಮ ಕಾಲದ ಶೋಧವಲ್ಲ. ನಿಮ್ಮ ಶಾಲೆಯ ಪುಸ್ತಕದಲ್ಲೇ ಇತ್ತು. ಮೇಷ್ಟ್ರು ಆ ಪಾಠ ಹಾರಿಸಿದರು, ಮನೆಯವರು ಕೇಳಿದವರ ಬಾಯಿ ಮುಚ್ಚಿಸಿದರು, ನಾಚಿಕೆಯನ್ನು ಮರ್ಯಾದೆಯೆಂದು ನಮ್ಮ ತನಕ ದಾಟಿಸಿದಿರಿ. ದಯವಿಟ್ಟು ಆ ಪಾಠ ಓದಿ, ಗಂಡುಹುಡುಗರನ್ನು ಮುಂದೆ ಕೂರಿಸಿಕೊಂಡು, ದನಿ ತಗ್ಗಿಸದೆ ಓದಿ. ಹೋಗಿ ಬರುತ್ತೇನೆ ಎನ್ನಲು ನನಗೆ ನಿಮ್ಮತ್ತ ದಾರಿಯಿಲ್ಲ. ನಮ್ಮತ್ತ ಬರುತ್ತಿರುವವರು ನೀವು. ಬರುವಾಗ ಏನು ಹೊತ್ತು ತರುತ್ತೀರಿ, ನೋಡಿಕೊಂಡು ಬನ್ನಿ.