ಡಾಕ್ಟರ್ ಅಕ್ಕನಿಗೆ ಬಂದ ಡಬ್ಬಿ

ಮನೆಯಿಂದ
ಹನ್ನೆರಡನೆಯ ತಾರೀಕು, ಮಂಗಳವಾರ ಸಂಜೆ

ನನ್ನ ತಮ್ಮನಿಗೆ ಅಕ್ಕನ ತುಂಬು ಹಾರೈಕೆ.

ಹೇಗಿದ್ದೀಯ? ಬಲಭುಜ ಹೇಗಿದೆ? ಕೈ ತಲೆಯ ಮೇಲಕ್ಕೆ ಹೋಗುತ್ತದೋ, ಅಂಗಿ ತೊಡುವಾಗ ಇನ್ನೂ ಹಲ್ಲು ಕಚ್ಚುತ್ತೀಯೋ? ನಿಜ ಬರೆ. ಫೋನಿನಲ್ಲಿ ಕೇಳಿದರೆ "ಆರಾಮಿದೀನಕ್ಕ" ಎಂದು ಒಂದೇ ರಾಗ ಎಳೆಯುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದವನ್ನು ಅರ್ಧಕ್ಕೇ ನಿಲ್ಲಿಸಿ "ಠಾಣೇಲಿ ಗಂಟೆ ಹೊಡೀತು, ಬೆಂಕಿ ಆರಿಸೋಕೆ ಹೋಗ್ಬೇಕು" ಎಂದು ಓಡಿಹೋಗಲು ನಿನಗೆ ಆಗುವುದಿಲ್ಲ. ನಾವಿಲ್ಲಿ ದೇವರ ದಯೆಯಿಂದ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಕೆಮ್ಮು ಹೋಯಿತು, ಗೊಣಗಾಟ ಹೋಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಗುರುವಾರ ನಿನ್ನ ಪಾರ್ಸೆಲ್ ಬಂತು. "ಅಕ್ಕ, ನಿನ್ನ ಹೆಸರಿಗೆ ಒಂದು ಡಬ್ಬಿ ಬರುತ್ತೆ, ಬಿಚ್ಚಬೇಡ, ಫ್ರಿಜ್ಜಲ್ಲಿ ಇಟ್ಟಿರು, ಮುಂದಿನ ಭಾನುವಾರ ಬಂದು ತಗೊಂಡು ಹೋಗ್ತೀನಿ" ಎಂದಿದ್ದೆ. ಬಿಚ್ಚಬೇಡ ಎಂದಾಗಲೇ ನನಗೆ ಅನುಮಾನ ಹತ್ತಿತು. ಅದರ ಮೇಲೆ ಕೊರಿಯರ್‌ನವನು ವಿಳಾಸ ಓದಿ, "ಡಾಕ್ಟರ್ ಮೇಡಂ ಇದಾರಾ?" ಎಂದು ಕೇಳಿದ. ನನ್ನ ಕೈಯಲ್ಲಿ ನೆಲ ಒರೆಸುವ ಬಟ್ಟೆಯಿತ್ತು. "ಇಲ್ಲಿ ಯಾವ ಡಾಕ್ಟರೂ ಇಲ್ಲಪ್ಪ" ಎಂದೆ. ಚೀಟಿ ತೋರಿಸಿದ. ನನ್ನದೇ ಹೆಸರು, ಹೆಸರಿಗೆ ಮೊದಲು ಡಾಕ್ಟರ್, ಕೆಳಗೆ ನಾನು ಕೆಲಸಕ್ಕೆ ಹೋಗುವ ಸಂಶೋಧನಾಲಯದ ಹೆಸರು, ಆಮೇಲೆ ನಮ್ಮ ಮನೆಯ ವಿಳಾಸ. ಏಳನೇ ಕ್ಲಾಸಿಗೇ ಹಳ್ಳಿಯ ಶಾಲೆ ಬಿಟ್ಟವಳನ್ನು ಒಂದೇ ಚೀಟಿಯಲ್ಲಿ ಡಾಕ್ಟರ್ ಮಾಡಿಬಿಟ್ಟೆಯಲ್ಲೋ. ಅಂದಿನಿಂದ ನಿನ್ನ ಭಾವ "ಡಾಕ್ಟ್ರೇ, ಟೀ ಆಯ್ತಾ?" ಎಂದೇ ಕರೆಯುತ್ತಿದ್ದಾರೆ.

ಬಿಚ್ಚಿದೆ. ಬಯ್ಯುವುದಿದ್ದರೆ ಬಂದು ಬಯ್ಯು. ಹತ್ತು ಪುಟ್ಟ ಗಾಜಿನ ಶೀಶೆ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ, ಬಾಯಿಗೆ ರಬ್ಬರ್ ಬಿರಡೆ, ಜೊತೆಗೆ ಸಿರಿಂಜುಗಳ ಒಂದು ಕಟ್ಟು. ಮೊದಲು ನಿನಗೂ ಅಮ್ಮನ ಹಾಗೆ ಸಕ್ಕರೆ ಕಾಯಿಲೆ ಬಂತೇನೋ, ನನ್ನಿಂದ ಮುಚ್ಚಿಟ್ಟಿದ್ದೀಯೇನೋ ಎಂದುಕೊಂಡೆ. ಆಮೇಲೆ ಇನ್ನೂ ಕೆಟ್ಟ ಯೋಚನೆ ಬಂತು, ಅದನ್ನು ಬರೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಶೀಶೆಯ ಮೇಲಿನದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಪೆಪ್ಟೈಡ್. ಸಂಶೋಧನೆಗೆ ಮಾತ್ರ. ಮನುಷ್ಯರ ಬಳಕೆಗಲ್ಲ. ಈ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟು ವರ್ಷದಿಂದ ಇಲಿಗಳ ಪಂಜರ ತೊಳೆಯುತ್ತಿದ್ದೇನೆ. ಅಲ್ಲಿನ ಫ್ರಿಜ್ಜಿನ ತುಂಬ ಇದೇ ಬರಹದ ಶೀಶೆಗಳಿವೆ. ಸಂಶೋಧಕರಿಗೆ ಮಾತ್ರ ಮಾರುತ್ತಾರೆಂದೇ ನನ್ನನ್ನು ಡಾಕ್ಟರ್ ಮಾಡಿದ್ದೀಯ ಎಂದು ಆಗ ತಿಳಿಯಿತು. ಆದರೆ ನಿನ್ನ ಡಬ್ಬಿಯಲ್ಲಿ ಒಂದು ಮಡಿಸಿದ ಹಾಳೆಯೂ ಇತ್ತು: ಮೊದಲ ಸಲ ಚುಚ್ಚಿಕೊಳ್ಳುವವರು ಹೊಟ್ಟೆಯ ಚರ್ಮ ಹೇಗೆ ಹಿಡಿಯಬೇಕು, ಸಿರಿಂಜಿನಲ್ಲಿ ಎಷ್ಟನೇ ಗೆರೆಯವರೆಗೆ ಎಳೆಯಬೇಕು ಎಂದು. ಶೀಶೆ ಮನುಷ್ಯರಿಗಲ್ಲ ಎನ್ನುತ್ತದೆ, ಹಾಳೆ ಹೊಟ್ಟೆ ತೋರಿಸು ಎನ್ನುತ್ತದೆ. ಇವರಿಬ್ಬರಲ್ಲಿ ಯಾರ ಮಾತು ನಂಬಲಿ? ದೇವರ ಮುಂದೆ ಕಣ್ಣು ಮುಚ್ಚಿ ಕೂತರೂ ಆ ಬಿಳಿ ಪುಡಿಯೇ ಕಾಣುತ್ತದೆ.

ಮಾರನೆಯ ದಿನ ಒಂದು ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನಮ್ಮ ಮೇಡಂಗೆ ತೋರಿಸಿದೆ. ಇಲಿಗಳ ಮೇಲೆ ಪ್ರಯೋಗ ಮಾಡುವವರು ಅವರೇ. "ಯಾವ ಇಲಿಗಮ್ಮ ಇದು?" ಎಂದು ನಕ್ಕರು. ನನ್ನ ತಮ್ಮನಿಗೆ ಎಂದೆ. ನಗು ನಿಂತುಹೋಯಿತು. ಪೆಪ್ಟೈಡ್ ಎಂದರೆ ಪ್ರೋಟೀನಿನ ಚೂರಂತೆ, ಅದರಲ್ಲಿ ಕೆಲವು ಸರಿಯಾದ ಔಷಧಿಗಳೇ, ಡಾಕ್ಟರೇ ಬರೆದುಕೊಡುತ್ತಾರಂತೆ. ಇದು ಆ ಜಾತಿಯದಲ್ಲ. "ಇಲಿ ಸ್ನಾಯು ಬೇಗ ಕೂಡ್ಕೊಳ್ತು ಅಂತ ಬರೀತೀವಿ. ಆಮೇಲೆ ಆ ಇಲಿ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ" ಎಂದರು. ಗೊತ್ತಿಲ್ಲದೆ ಏನು, ಪ್ರಯೋಗ ಮುಗಿದ ಮೇಲೆ ಕೊಂದ ಇಲಿಗಳ ಚೀಲ ಹೊರುವವಳೇ ನಾನು. ಭುಜ ವಾಸಿಯಾದ ಇಲಿ ಆಮೇಲೆ ಎರಡು ವರ್ಷ ಬಾಳಿದ್ದನ್ನು ಯಾರು ನೋಡಿದ್ದಾರೆ? ಚೀಟಿಯಲ್ಲಿ ಬರೆದದ್ದೇ ಒಳಗಿದೆಯೋ, ಶುಚಿಯಾಗಿ ತುಂಬಿದ್ದಾರೋ, ಅದನ್ನೂ ಪರೀಕ್ಷೆ ಮಾಡಿದವರಿಲ್ಲವಂತೆ.

ಇನ್ನೊಂದು ಮಾತು ಮೇಡಂ ಹೇಳಿದ್ದಲ್ಲ, ನನಗೇ ಹೊಳೆದದ್ದು. ಅಮ್ಮನಿಗೆ ಹನ್ನೊಂದು ವರ್ಷ ಇನ್ಸುಲಿನ್ ಚುಚ್ಚಿದ ಕೈ ಇದು. ಇನ್ಸುಲಿನ್ ಕಂಪನಿಯಿಂದಲೇ ಕಲಸಿ ಬರುತ್ತಿತ್ತು, ಆ ಸಿರಿಂಜಿನ ಗೆರೆಗಳೂ ಅದಕ್ಕೆಂದೇ ಹಾಕಿದ್ದು. ಇಲ್ಲಿ ಪುಡಿಗೆ ನೀರು ಬೆರೆಸುವವನು ನೀನು. ನೀರು ಅರ್ಧ ಹಾಕಿದರೆ ಅದೇ ಗೆರೆಗೆ ಎರಡರಷ್ಟು ಪುಡಿ ಮೈಗೆ ಇಳಿಯುತ್ತದೆ. ನಿನ್ನ ಹಾಳೆಯಲ್ಲಿ ಗೆರೆ ಬರೆದಿದ್ದಾರೆ, ನೀರೆಷ್ಟು ಎಂದು ಬರೆದೇ ಇಲ್ಲ. ಬೇಳೆಗೆ ನೀರಿಡುವ ಹಾಗೆ ಕಣ್ಣಂದಾಜಿನಲ್ಲಿ ಸುರಿಯುತ್ತೀಯಾ? ನಿನಗೆ ಬೇಳೆ ಬೇಯಿಸಲೂ ಬರುವುದಿಲ್ಲವಲ್ಲೋ.

ನಿನ್ನ ಸಂಕಟ ನನಗೆ ತಿಳಿಯದೆ ಇಲ್ಲ. ಮುಂದಿನ ತಿಂಗಳ ದೇಹಪರೀಕ್ಷೆಯಲ್ಲಿ ಪೈಪು ಹೊತ್ತು ಏಣಿ ಹತ್ತದಿದ್ದರೆ ನಿನ್ನನ್ನು ಬೆಂಕಿ ಆರಿಸುವ ಗಾಡಿಯಿಂದ ಇಳಿಸಿ, ಫೋನ್ ಎತ್ತುವ ಕುರ್ಚಿಗೆ ಹಾಕುತ್ತಾರೆ. "ಅದಕ್ಕಿಂತ ಮನೇಲಿರೋದೇ ವಾಸಿ" ಎಂದು ಹೋದ ಸಲ ಬಂದಾಗ ಊಟದ ತಟ್ಟೆ ಸರಿಸಿ ಎದ್ದುಹೋದೆ. ಆದರೆ ಮೂಳೆ ಡಾಕ್ಟರು ಮೂರು ತಿಂಗಳು ಮಾಡು ಎಂದ ವ್ಯಾಯಾಮವನ್ನು ನೀನು ಮಾಡಿದ್ದು ಎರಡು ವಾರ. ಈ ಪುಡಿಯ ದಾರಿ ತೋರಿಸಿದವನು ನಿಮ್ಮ ಠಾಣೆಯ ಆ ಪೈಲ್ವಾನ ತಾನೇ? ಅವನು ತಾನೇ ಚುಚ್ಚಿಕೊಂಡು ಹೇಳುತ್ತಿದ್ದಾನೋ, ಮೊದಲು ನಿನಗೆ ಚುಚ್ಚಿಸಿ ಆಮೇಲೆ ನೋಡೋಣ ಎಂದಿದ್ದಾನೋ, ಸ್ವಲ್ಪ ವಿಚಾರಿಸು.

ಹತ್ತೂ ಶೀಶೆಗಳನ್ನು ನಾಶ ಮಾಡಲು ಮೇಡಂ ಕೈಗೆ ಕೊಟ್ಟಾಯಿತು. ಭಾನುವಾರ ಬರಿಗೈಯಲ್ಲೇ ಬಾ. ಮೂಳೆ ಡಾಕ್ಟರ ಬಳಿ ಸೋಮವಾರ ಬೆಳಿಗ್ಗೆಗೆ ಹೆಸರು ಬರೆಸಿದ್ದೇನೆ, ನಾನೂ ಜೊತೆಗೆ ಬರುತ್ತೇನೆ. ಈಗಾಗಲೇ ಒಂದು ಸಲವಾದರೂ ಚುಚ್ಚಿಕೊಂಡಿದ್ದರೆ ಅವರ ಮುಂದೆ ಬಾಯಿಬಿಟ್ಟು ಹೇಳು. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಟ್ಟು, ಎರಡೂ ಭುಜ ಗಟ್ಟಿಯಾಗಿಟ್ಟಿರಲಿ.

ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ ಕೊರಿಯರ್‌ನವನು ಇನ್ನೊಂದು ಡಬ್ಬಿ ತಂದ. ಈ ಸಲ ಪುಡಿ ಮಾರುವ ಕಂಪನಿಯ ಒಂದು ಫಾರಂ ತುಂಬಿ ಸಹಿ ಹಾಕಿದರೆ ಮಾತ್ರ ಕೊಡುವುದಂತೆ. ಸುಳ್ಳಿಗೆ ನನ್ನ ಸಹಿ ಬೀಳುವುದಿಲ್ಲ, ಇದ್ದದ್ದನ್ನೇ ಬರೆದೆ. ಯಾವ ಪ್ರಾಣಿಯ ಮೇಲೆ ಪ್ರಯೋಗ ಎಂಬಲ್ಲಿ "ನನ್ನ ತಮ್ಮ" ಎಂದೆ. ಪ್ರಾಣಿಯ ತೂಕ ಎಂಬಲ್ಲಿ, ಅಮ್ಮ ನಿನ್ನನ್ನು ಹೆತ್ತು ನನ್ನ ಮಡಿಲಿಗೆ ಹಾಕಿದ ದಿನದ್ದು ಮಾತ್ರ ನನಗೆ ಗೊತ್ತಿದ್ದದ್ದು, ಅದನ್ನೇ ಬರೆದೆ: ಎರಡೂವರೆ ಕಿಲೋ. ಡಬ್ಬಿಯೂ ಫಾರಮೂ ವಾಪಸ್ ಹೋದವು. ಕಂಪನಿಯವರು ಫೋನ್ ಮಾಡಿ ಕೇಳಿದರೆ, ಅಕ್ಕ ಬರೆದದ್ದು ನಿಜ ಎಂದು ಹೇಳು.