ತಲೆದಿಂಬಿನ ಕೆಳಗಿನ ಕಬ್ಬಿಣ

೧೨ ಆಗಸ್ಟ್ ೨೦೨೫, ಮಂಗಳವಾರ. ಬೆಳಿಗ್ಗೆ ೧೧.೧೦

ತನ್ವಿ ಮಲಗಿ ಹದಿನೆಂಟು ನಿಮಿಷ. ಎರಡು ಸಲ ಹೋಗಿ ಉಸಿರು ನೋಡಿ ಬಂದೆ. ಬಾಟಲಿ ಕುದಿಸಿದೆ. ಮತ್ತೆ ಕುದಿಸಿದೆ — ಮೊದಲು ಕುದಿಸಿದ್ದು ನೆನಪಾಗಲಿಲ್ಲ. ಮಗುವಿಗೆ ಐದು ತಿಂಗಳು. ಈ ಐದು ತಿಂಗಳಲ್ಲಿ ನಾನು ಒಟ್ಟಿಗೆ ಎರಡು ತಾಸು ಮಲಗಿದ್ದಿಲ್ಲ. ಅವಳು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ.

ಕೆಳಗಿನ ಫ್ಲೋರಿನ ರಮಾಕಾಂತ ಕಾಕಾ ಹಳೇ ಸಾಮಾನು ಖಾಲಿ ಮಾಡುತ್ತಿದ್ದಾರೆ. ಮೂವತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿದ್ದವರು. ಮೊಮ್ಮಗನ ಪ್ರ್ಯಾಮ್ ಇದೆ, ಬೇಕಾದರೆ ನೋಡು ಅಂದಿದ್ದರು. ಪ್ರ್ಯಾಮ್ ನೋಡಲು ಹೋದೆ. ಕಠಾರಿ ಹಿಡಿದುಕೊಂಡು ಬಂದೆ.

ಇಂಡೋನೇಷ್ಯಾದ್ದು. ಕೆರಿಸ್ ಅನ್ನುತ್ತಾರಂತೆ. ಹಾವು ಹರಿದಂಥ ಅಲಗು. ಕಪ್ಪು ಕಬ್ಬಿಣದ ಮೇಲೆ ಬಿಳಿ ಗೆರೆಗಳು, ಹಾಲು ಕೆನೆಗಟ್ಟಿದ ಹಾಗೆ. ಬಳುಕುಗಳು ಯಾವಾಗಲೂ ಬೆಸಸಂಖ್ಯೆ. ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ. ಎಣಿಸುವಷ್ಟು ಹೊತ್ತು ಎದೆ ಹೊಡೆದುಕೊಳ್ಳಲಿಲ್ಲ.

“ತಲೆದಿಂಬಿನ ಕೆಳಗೆ ಇಟ್ಟು ಮಲಗಬೇಕು ಬೇಟಾ,” ಅಂದರು ಕಾಕಾ, ಅವರ ಹಿಂದಿಯಲ್ಲಿ. “ಒಳ್ಳೇ ಕನಸು ಬಿದ್ದರೆ ಅದು ನಿನ್ನದು. ಕೆಟ್ಟದ್ದು ಬಿದ್ದರೆ ವಾಪಸ್. ಅಲ್ಲಿಯವರ ಪದ್ಧತಿ.”

ನಿದ್ದೆಯೇ ಇಲ್ಲದವಳಿಗೆ ಕನಸು ಎಲ್ಲಿಂದ?

೨೨ ಆಗಸ್ಟ್. ಮಧ್ಯಾಹ್ನ ೨

ಕಪಾಟಿನಲ್ಲಿ ಡೈಪರ್ ಪ್ಯಾಕಿನ ಹಿಂದೆ ಇಟ್ಟಿದ್ದೇನೆ. ಮನೀಶನಿಗೆ ಹೇಳಿಲ್ಲ. ಗಂಡನಿಗೆ ಏನೆಂದು ಹೇಳುವುದು? ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು. ಜಾವಾದ್ದು ಹೇಗೆ, ಬಾಲಿಯದ್ದು ಹೇಗೆ, ಹಿಡಿ ಯಾವ ಮರ… ಎಂ.ಎ. ಪರೀಕ್ಷೆಗೂ ಇಷ್ಟು ಓದಿರಲಿಲ್ಲ. ಕಠಾರಿ ಸಂಗ್ರಹಿಸುವವರ ವಾಟ್ಸಾಪ್ ಗ್ರೂಪಿಗೆ ಸೇರಿದೆ. ಎಲ್ಲ ಗಂಡಸರು. ನಾನು ಅಲ್ಲಿ ‘ಎನ್. ರಾವ್’. ಒಬ್ಬ ನನ್ನನ್ನು ರಾವ್ ಸಾಹೇಬ್ ಅನ್ನುತ್ತಾನೆ.

ಇವತ್ತು ಗ್ರೂಪಿನಲ್ಲಿ ಒಂದು ವಿಷಯ: ಗೆರೆ ಎದ್ದು ಕಾಣಲಿ ಎಂದು ಲಿಂಬೆರಸದಲ್ಲಿ ಪಾಷಾಣ ಕಲಸಿ ಅಲಗಿಗೆ ಬಳಿಯುತ್ತಾರೆ. ಆರ್ಸೆನಿಕ್. ಮುಟ್ಟಿದ ಮೇಲೆ ಮೂರು ಸಲ ಸೋಪು ಹಾಕುತ್ತೇನೆ. ಸಾಕಲ್ಲ?

೧೧ ಸೆಪ್ಟೆಂಬರ್. ಸಂಜೆ ೫

ಸುಳ್ಳು ಹೇಳಿದೆ. ಮನೀಶನಿಗೆ, ತನ್ವಿಯ ಇಂಜೆಕ್ಷನ್ ಕ್ಯೂ ಉದ್ದ ಇತ್ತು ಅಂದೆ. ಹೋದದ್ದು ತುರ್ಭೆಗೆ, ತನ್ವಿಯನ್ನು ಎದೆಗೆ ಕಟ್ಟಿಕೊಂಡು. ಒಡೆದ ಹಡಗುಗಳ ಸಾಮಾನಿನ ಗೋಡೌನ್. ಮಾಲೀಕ ಜೈಭೀಮ ಬಿದ್ದುಬಿದ್ದು ನಕ್ಕ. “ಲೋಗ್ ಬಚ್ಚೇ ಕೇ ಲಿಯೇ ಖಿಲೋನಾ ಲೇತೇ ಹೈ, ಮೇಡಮ್!” ಎಲ್ಲರೂ ಮಗುವಿಗೆ ಆಟಿಕೆ ಕೊಳ್ಳುತ್ತಾರಂತೆ. ಆಮೇಲೆ ತನ್ನ ಫ್ಯಾನನ್ನು ಮಗುವಿನ ಕಡೆ ತಿರುಗಿಸಿದ.

ಎರಡನೆಯದು. ಹದಿಮೂರು ಬಳುಕು.

ದಿಂಬಿನ ಕೆಳಗೆ ಇಡುವಂತಿಲ್ಲ, ಮಗು ಪಕ್ಕದಲ್ಲಿದ್ದಾಳೆ. ಸೋಫಾದ ಕುಶನ್ ಕೆಳಗಿಟ್ಟು ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ. ಇದು ಕನಸು ತರದಿದ್ದರೆ ಮುಂದಿನದ್ದು ತಂದೀತು.

೧೯ ಸೆಪ್ಟೆಂಬರ್

ಮೂರನೆಯದು ಕಲ್ಯಾಣದಿಂದ. ಸ್ಟೇಷನ್ ಹೊರಗೆ, ಸೀರೆ ಡಬ್ಬದಲ್ಲಿ. ‘ರಾವ್ ಸಾಹೇಬ್’ ಎಂದು ಗಂಡಸನ್ನು ಹುಡುಕುತ್ತಿದ್ದ ಮಾರುವವನು ನನ್ನ ಡೈಪರ್ ಬ್ಯಾಗ್ ನೋಡಿ ಡಬ್ಬ ಕೈಗಿಟ್ಟು ಹೊರಟ. ಐದು ಬಳುಕು. ಸಾಕು ಇನ್ನು.

ಸಾಕು ಎಂದು ಹೇಳಿಕೊಳ್ಳುತ್ತಿರುವುದು ಎರಡನೇ ಸಲ.

೨೮ ಸೆಪ್ಟೆಂಬರ್

ನವರಾತ್ರಿಗೆಂದು ಡೊಂಬಿವ್ಲಿಯಿಂದ ಅತ್ತೆ ಬಂದರು. ಬಂದವರೇ ಅಡಕತ್ತರಿ ತೆಗೆದು ತೊಟ್ಟಿಲ ಹಾಸಿಗೆ ಕೆಳಗೆ. “ಕಬ್ಬಿಣ ಇದ್ರೆ ಮಗು ಬೆಚ್ಚುದಿಲ್ಲ.” ನಾನು ತೆಗೆಯುತ್ತೇನೆ. ಅವರು ಇಡುತ್ತಾರೆ. ಮೂರು ಕಠಾರಿ ಬಚ್ಚಿಟ್ಟವಳಿಗೆ ಅಡಕತ್ತರಿಯ ಭಯ!

೧ ಅಕ್ಟೋಬರ್, ಆಯುಧಪೂಜೆ. ಮಧ್ಯಾಹ್ನ ೧.೩೦

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಚೆಂಡುಹೂ ತರಲು ಕೆಳಗೆ ಹೋಗಿದ್ದೆ. ಬರುವಾಗ ದೇವರ ಮುಂದೆ ಸಾಲಾಗಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಕತ್ತರಿ, ಮನೀಶನ ಸ್ಕ್ರೂಡ್ರೈವರ್ — ಮತ್ತೆ ಮೂರು ಕಠಾರಿ. ಕುಂಕುಮ ಸಮೇತ. ಬೆಳ್ಳಗೆ, ಊಟದ ಚಮಚದ ಹಾಗೆ. ಗೆರೆಗಳೇ ಇಲ್ಲ.

“ಸುತ್ತಿಗೆ ಹುಡುಕುವಾಗ ಸಿಕ್ತು. ಇಷ್ಟು ಚಂದದ್ದು ಅಡಗಿಸಿ ಇಡುದಾ ಮಾರಾಯ್ತಿ? ಕಪ್ಪು ಹಿಡಿದಿತ್ತು. ಲಿಂಬೆ, ಹುಣಸೆಹುಳಿ ಹಾಕಿ ತಿಕ್ಕಿದೆ.”

“ಯಾವುದರಲ್ಲಿ ಅತ್ತೆ?”

“ತನ್ವಿಯ ಟಬ್ಬಲ್ಲಿ. ಬಾಲ್ದಿಯಲ್ಲಿ ಹಿಡಿಯುದಿಲ್ಲ, ಉದ್ದ ಅಲ್ವಾ? ಮತ್ತೆ ಟಬ್ಬು ತೊಳೆದೇ ಅವಳಿಗೆ ಸ್ನಾನ ಮಾಡಿಸಿದ್ದು.”

ಪಾಷಾಣ. ನನಗೆ ಗೊತ್ತಿತ್ತು. ಗೊತ್ತಿದ್ದೂ ಡೈಪರ್ ಪಕ್ಕ ಇಟ್ಟವಳು ನಾನು.

ಡಾಕ್ಟರಿಗೆ ಫೋನು. ವಾಂತಿ? ಇಲ್ಲ. ಹಾಲು? ಕುಡಿದಳು. “ತೊಳೆದ ಟಬ್ಬಿನಿಂದ ಏನೂ ಆಗಿರಲಿಕ್ಕಿಲ್ಲ. ಸಮಾಧಾನಕ್ಕೆ ಯೂರಿನ್ ಟೆಸ್ಟ್ ಮಾಡಿಸಿ.” ನಾಳೆ ದಸರಾ, ಗಾಂಧಿ ಜಯಂತಿ. ಲ್ಯಾಬ್ ಬಂದ್.

ಅತ್ತೆ ಬರಿಗೈಯಲ್ಲಿ ತಿಕ್ಕಿದ್ದಾರೆ. ಅವರದ್ದೂ ಮಾಡಿಸಬೇಕು. “ನನಗೆಂಥ ಆಗ್ತದೆ?” ಅಂದರು. ಆದರೆ ಅವರ ಮುಖ ಬಿಳಿಚಿತ್ತು.

೨ ಅಕ್ಟೋಬರ್

ಮನೀಶನಿಗೆ ಎಲ್ಲ ಹೇಳಿದೆ. ತುರ್ಭೆ, ಕಲ್ಯಾಣ, ಸುಳ್ಳು.

“ಮೂರಾ? ನಾನು ಒಂದೇ ಅಂದುಕೊಂಡಿದ್ದೆ.”

“ನಿನಗೆ ಗೊತ್ತಿತ್ತಾ?”

“ಡೈಪರ್ ನಾನೂ ತೆಗೀತೇನಲ್ಲ ಮಾರಾಯ್ತಿ.” ಮುಟ್ಟಿಲ್ಲವಂತೆ. ನಾನಾಗಿ ಹೇಳಲಿ ಎಂದು ಕಾದನಂತೆ. ತುರ್ಭೆಯ ವಿಷಯಕ್ಕೆ ಮಾತ್ರ ನಗಲಿಲ್ಲ. “ಆ ಟ್ರಕ್‌ಗಳ ಮಧ್ಯೆ ಒಬ್ಬಳೇ… ಕರೆದಿದ್ರೆ ಬರ್ತಿದ್ದೆ,” ಅಂದ.

ಟಬ್ಬು ಎಸೆದೆವು.

೩ ಅಕ್ಟೋಬರ್

ಸ್ಯಾಂಪಲ್ ಕೊಟ್ಟಾಯಿತು. ಅಷ್ಟು ಚಿಕ್ಕ ಮಗುವಿಗೆ ಪ್ಲಾಸ್ಟಿಕ್ ಚೀಲ ಅಂಟಿಸಿ ಒಂದೂವರೆ ತಾಸು ಕಾದದ್ದು. ಅತ್ತೆ ಒಂದೇ ನಿಮಿಷದಲ್ಲಿ ಕೊಟ್ಟು ಬಂದು, “ಫಸ್ಟ್ ಬಂದೆ,” ಅಂದರು. ರಿಪೋರ್ಟು ಮಂಗಳವಾರ.

೭ ಅಕ್ಟೋಬರ್, ಮಂಗಳವಾರ. ೧೨.೨೦

ನಾರ್ಮಲ್.

ಇಬ್ಬರದ್ದೂ. ಮನೀಶ ಓದಿದ, ನಾನು ಓದಿದೆ, ಡಾಕ್ಟರು ಓದಿದರು. “ಮಗುವಿಗೆ ಏನೂ ಇಲ್ಲ. ತಾಯಿಯದ್ದು ನೋಡಬೇಕು,” ಅಂದರು. ನಿದ್ದೆಯ ವಿಷಯ ಮೊದಲ ಸಲ ಪೂರ್ತಿ ಹೇಳಿದೆ. ಮುಂದಿನ ವಾರ ಅವರು ಹೇಳಿದ, ನಿದ್ದೆಯ ತೊಂದರೆ ನೋಡುವ ಡಾಕ್ಟರ್ ಮೇಡಮ್ಮನ್ನು ನೋಡಲು ಹೋಗಬೇಕು. ಹೋಗುತ್ತೇನೆ.

ಲಿಫ್ಟಿನಲ್ಲಿ ಅತ್ತು ಮುಗಿಸಿದೆ. ಎಂಟು ಮಹಡಿ ಸಾಕಾಯಿತು.

ಮೂರೂ ಕಠಾರಿ ಕಾಕಾನ ಗಾಜಿನ ಕಪಾಟಿಗೆ. ಬೀಗದ ಕೈ ಅವರ ಜನಿವಾರದಲ್ಲಿ. ನಾನು ಭಾನುವಾರ ಬಂದು ನೋಡಬಹುದಂತೆ, ಕೈ ತೊಳೆದು ಹೋಗಬೇಕಂತೆ. ಅಲಗುಗಳನ್ನು ನೋಡಿ ಕಾಕಾ ಹಣೆ ಚಚ್ಚಿಕೊಂಡರು. “ಸಾಸ್ ನೇ ತೋ ನಹಲಾ ದಿಯಾ!” ಅತ್ತೆ ಅವುಗಳಿಗೆ ಸ್ನಾನವನ್ನೇ ಮಾಡಿಸಿಬಿಟ್ಟರಂತೆ. ನನಗೆ ಬೇಜಾರಾಗಲಿಲ್ಲ. ಬೇಜಾರಾಗಲಿಲ್ಲ ಎಂಬುದೇ ಆಶ್ಚರ್ಯ.

೮ ಅಕ್ಟೋಬರ್. ಸಂಜೆ ೪.೩೦

ಹನ್ನೆರಡೂವರೆಗೆ ಸುಮ್ಮನೆ ತಲೆ ಇಟ್ಟದ್ದು. ಎದ್ದಾಗ ನಾಲ್ಕೂಕಾಲು. ಯಾರೂ ಎಬ್ಬಿಸಿಲ್ಲ. ಕೆನ್ನೆ ಮೇಲೆ ದಿಂಬಿನ ಗೆರೆ.

ದಿಂಬಿನ ಕೆಳಗೆ ಏನೋ ಗಟ್ಟಿ. ಕೈ ಹಾಕಿದೆ. ಅಡಕತ್ತರಿ.

ಹಾಲ್‌ನಲ್ಲಿ ಅತ್ತೆ ತನ್ವಿಯನ್ನು ಆಡಿಸುತ್ತಿದ್ದರು. “ತೊಟ್ಟಿಲಿಂದ ತೆಗೆದು ಅಲ್ಲಿ ಇಟ್ಟೆ. ಅವಳು ಚಂದ ಮಲಗ್ತಾಳೆ. ಬೇಕಾದ್ದು ನಿನಗೆ.”

ಕನಸು ಬಿತ್ತು! ಒಳ್ಳೆಯದೇ. ಮರೆಯುವ ಮೊದಲು ಬರೆದಿಡಬೇಕು — ತುರ್ಭೆಯ ಆ ಗೋಡೌನ್, ಆದರೆ ಒಳಗೆಲ್ಲ ತಿಳಿನೀರು, ತನ್ವಿ ತನ್ನ ಕಾಲಲ್ಲೇ ನಡೆದು ಬರುತ್ತಾಳೆ, ಕೈಯಲ್ಲಿ ಏನೋ ಹಿಡಿದು ನನ್ನ ಕಡೆ ಚಾಚಿ…

ಅಳು ಶುರು. ಬಂದೆ ಪುಟ್ಟಾ, ಬಂ