ಚರಗ ಚೆಲ್ಲಿದ ದಾರಿ

ಮಾರ್ಚ್ 9, ಬೆಳಿಗ್ಗೆ 6

ಜರ್ಬೆರಾ ಕೊಯ್ದೆ. ಇನ್ನೂರ ಹತ್ತು ಕಡ್ಡಿ. ಹೋದ ವಾರ ಮುನ್ನೂರು. ಹೂವಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಿದ ಹೆಂಡತಿ ವಿದ್ಯಾವತಿ ಉಳಿದ ಟೋಪಿ ಎಣಿಸಿಟ್ಟಳು. ಲೆಕ್ಕ ಅವಳಿಗೂ ಸಿಕ್ಕಿದೆ.

ಹುಮನಾಬಾದಿನಿಂದ ಮುಜಾಫರ್ ಭಾಯಿ ಫೋನ್. ಮದುವೆ ಹಾಲ್‌ಗಳಿಗೆ ಡೆಕೋರೇಶನ್ ಮಾಡುವವ, ನನ್ನ ಹಳೇ ಗಿರಾಕಿ. ಈಗ ತಾನೂ ಪಾಲಿಹೌಸ್ ಹಾಕಿದ್ದಾನೆ. ಮೊನ್ನೆ ನನ್ನ ಮೂರನೇ ಬೆಡ್‌ನಿಂದ ಆರು ನೂರು ಮರಿಗಿಡ ಒಯ್ದ. ಶುಕ್ರವಾರ ನಾಟಿ. ಮೊದಲ ಗಿಡ ನನ್ನ ಕೈಯಿಂದಲೇ ಆಗಬೇಕಂತೆ. ಉಸ್ತಾದ್ ಅಂತ ಕರೆದ. ಕರೆಸಿಕೊಂಡೆ.

ಮಾರ್ಚ್ 10, ಮಧ್ಯಾಹ್ನ

ಬಿಸಿಲೇರಿದರೆ ಮೂರನೇ ಬೆಡ್ ಬಾಡುತ್ತದೆ, ಸಂಜೆಗೆ ಏಳುತ್ತದೆ. ಡ್ರಿಪ್ ಜಾಸ್ತಿ ಬಿಟ್ಟೆ. ಉಪಯೋಗವಿಲ್ಲ. ಒಂದು ಗಿಡ ಕಿತ್ತು ಬಕೆಟ್‌ನಲ್ಲಿ ತೊಳೆದೆ... ಬೇರಿನ ತುಂಬ ಗಂಟು. ಜೋಳದ ಕಾಳಿನಷ್ಟು.

ಮಾರ್ಚ್ 11

ತೋಟಗಾರಿಕೆ ಇಲಾಖೆಯ ಐಶ್ವರ್ಯ ಮೇಡಂ ಬಂದು ನೋಡಿದರು. ನೆಮಟೋಡ್. ಕಣ್ಣಿಗೆ ಕಾಣದ ಹುಳು, ಬೇರಿನೊಳಗೇ ಸಂಸಾರ, ಬದನೆ ಬೇರೆಂದರೆ ತವರು. ಹಸಿಮಣ್ಣಿನ ಜೊತೆ ಕಾಲಿಗಂಟಿ ತಿರುಗುತ್ತದೆ.

“ಹತ್ತಿರದಾಗ ಬದನಿ ಹಚ್ಚಿದ್ರೇನ್ರಿ?”

ಹಚ್ಚಿದ್ದೆ. ಎಳ್ಳಮಾವಾಸ್ಯೆಯ ಭಜ್ಜಿಗೆ ಮನೆಯದೇ ಬದನೆ ಇರಲಿ ಎಂದು ಪಾಲಿಹೌಸಿನ ಹಿಂದೆ ಎರಡು ಸಾಲು. ಅವತ್ತು ಪದ್ಧತಿಯಂತೆ ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚರಗ ಚೆಲ್ಲಿದೆವು. ಹೊಲಕ್ಕೆ ಉಣಿಸಿ ಜರ್ಬೆರಾವನ್ನು ಉಪವಾಸ ಇಡುವುದೇ? ಒದ್ದೆ ಬದನೆ ಸಾಲು ತುಳಿದ ಕೆಸರುಗಾಲಲ್ಲೇ, ಹಬ್ಬದೂಟಕ್ಕೆ ಬಂದ ಹದಿನಾಲ್ಕು ಮಂದಿಯನ್ನು ಒಳಗೆ ಕರೆದೊಯ್ದು ಚೆಲ್ಲಿಸಿದೆ. ಎಲ್ಲರೂ ಬರಿಗಾಲು. ‘ಚಪ್ಪಲಿ ಬಿಟ್ಟು ಬನ್ನಿ’ ಬೋರ್ಡ್ ಹಾಕಿದ ಜಾಣನೂ ನಾನೇ.

ಬಾಡಿದ ಗಿಡಗಳನ್ನು ಕಾಗದದ ಮೇಲೆ ಗುರುತು ಹಾಕಿದೆ. ಹಿಂದಿನ ಬಾಗಿಲು, ಮೂರನೇ ಬೆಡ್, ಎರಡು, ಒಂದು. ನಾವು ನಡೆದ ದಾರಿ. ಒಂದಡಿ ತಪ್ಪಿಲ್ಲ.

ಮುಜಾಫರನಿಗೆ ಹೇಳದಿದ್ದರೆ? ಆರು ತಿಂಗಳ ಮೇಲೆ ಹೋಗಿ, ನಿಮ್ಮ ಮಣ್ಣೇ ಸರಿ ಇಲ್ಲ ಅನ್ನಬಹುದು. ನನ್ನ ಬಾಯಿಗೆ ಅದೇನು ಕಷ್ಟವಲ್ಲ. ಅದಕ್ಕೇ ಕೂತಲ್ಲಿ ಕೂರಲಾಗುತ್ತಿಲ್ಲ.

ಮಾರ್ಚ್ 13, ಶುಕ್ರವಾರ

ಬಸ್ಸಿನಲ್ಲಿ ನಾಲ್ಕು ಸುಳ್ಳು ತಯಾರು ಮಾಡಿಕೊಂಡೆ. ನಮಾಜ್ ಮುಗಿಸಿ ಬಂದ ಮುಜಾಫರ್ ಪಾಲಿಹೌಸಿನ ಬಾಗಿಲಲ್ಲೇ ಮೊದಲ ಗಿಡ ಕೈಗಿತ್ತ. ಅವನ ತಾಯಿ ಸುಗ್ರಾ ಚಾಚಿ ಸಕ್ಕರೆ ಹಿಡಿದು ನಿಂತಿದ್ದರು. ಗಿಡವನ್ನು ಅವರ ಕೈಗೆ ದಾಟಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದ ಗಂಟುಬೇರು ತೋರಿಸಿದೆ. ನಾಲ್ಕೂ ಸುಳ್ಳು ಬಸ್ಸಿನಲ್ಲೇ ಉಳಿದವು.

“ನನ್ನ ಬೆಡ್‌ನವs ಭಾಯಿ. ಮೊನ್ನೆ ಗೊತ್ತಾತು. ಹಚ್ಚಬ್ಯಾಡ್ರಿ.”

ಚೀಲವನ್ನು ಬೆಳಕಿಗೆ ಹಿಡಿದು ಬೇರು ನೋಡಿದ.

“ಹೂವಿನ ರೇಟ್ ಹೇಳಾಕ ಮುಂಜಾನಿ ಐದಕ್ಕ ಫೋನ್ ಮಾಡ್ತೀರಿ. ಇದನ್ನ ಹೇಳಾಕ ಎರಡು ದಿನ ಬೇಕಾತೇನ್ರಿ?”

 

ಟ್ರೇ ಹೊರಗೆ ಒಯ್ದು, ಹುಲ್ಲು ಒಟ್ಟಿ ಸುಟ್ಟೆವು.  ಆದರೂ ಬಸ್ ಸ್ಟ್ಯಾಂಡಿಗೆ ತನ್ನ ಗಾಡಿಯಲ್ಲೇ ಬಿಟ್ಟ.

ಮಾರ್ಚ್ 14

ಮೂರೂ ಬೆಡ್ ಕಿತ್ತೆವು. ಇನ್ನು ಮಣ್ಣಿಗೆ ನೀರು ಕುಡಿಸಿ, ಪ್ಲಾಸ್ಟಿಕ್ ಹೊದಿಸಿ, ಬಿಸಿಲಲ್ಲಿ ಬೇಯಿಸಬೇಕು. ಆಮೇಲೆ ಬೇವಿನ ಹಿಂಡಿ, ಈ ಹುಳುವಿಗೆ ಆಗದ ಚೆಂಡುಹೂ ಒಂದು ಬೆಳೆ. ಬದನೆಯನ್ನು ವಿದ್ಯಾವತಿಯೇ ಕಿತ್ತಳು. “ಮುಂದಿನ ಸಲ ಬದನಿ ಸಂತ್ಯಾಗಿಂದು. ಚರಗ ಬಾಗಲ ಹೊರಗ” ಎಂದಳು. ಒಪ್ಪಿದೆ.

ಮಾರ್ಚ್ 16, ಬೆಳಿಗ್ಗೆ 7

ಸುಡುವಾಗ ಎಣಿಸಿದ್ದೆ — ಚಟ. ಐನೂರ ತೊಂಬತ್ತೊಂಬತ್ತು. ಹೊಗೆಯಲ್ಲಿ ಒಂದು ತಪ್ಪಿರಬೇಕು ಅಂದುಕೊಂಡಿದ್ದೆ. ಆದರೆ ನಾನು ಎಣಿಕೆ ತಪ್ಪುವವನೇ?

ಚಾಚಿಯ ಕೈಗೆ ಕೊಟ್ಟ ಗಿಡ...

ಫೋನ್ ಮಾಡಿದೆ. ಮುಜಾಫರ್ ಒಳಗೆ ಹೋಗಿ ಕೇಳಿ ಬಂದ.

“ಮೊದಲನೇ ಗಿಡ, ಬರಕತ್ತಿಂದು, ಸುಡಬಾರ್ದು ಅಂತ ಅಮ್ಮಿ ಟಾಕಿ ಬದಿಗೆ ಹಚ್ಯಾಳ್ರಿ. ದಿನಾ ನೀರು ಹಾಕಾಕತ್ತಾಳ.”

ನೀರಿನ ಟಾಕಿ. ಪಾಲಿಹೌಸಿಗೆ ಹೋಗಿ ಬರುವವರೆಲ್ಲ ಕಾಲಿಡುವ ಜಾಗ.

ಅತ್ತ ಯಾರೂ ಕಾಲಿಡಬೇಡಿ, ನಾನೇ ಬರುತ್ತೇನೆ ಅಂದೆ. ಗಿಡವನ್ನೂ ಸುತ್ತಲ ಮಣ್ಣನ್ನೂ ಅಗೆದು ತುಂಬಲು ಸಲಿಕೆ, ಎರಡು ಚೀಲ. ಎಂಟರ ಬಸ್. ಕಾಲು ತೊಳೆದುಕೊಂಡೆ. ಉಗುರಿನ ಸಂದಿಯಲ್ಲಿ ಇನ್ನೂ ನನ್ನ ಹೊಲದ ಮಣ್ಣು. ಇನ್ನೊಮ್ಮೆ ತೊಳೆದೇ ಹೊರಡಬೇಕು.